ಓತಿಕ್ಯಾತದ ಮೊಟ್ಟೆಯೊಳಗೆ ಅಂಗಗಳು ಮೂಡುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟಿನ ಸಮಯ ಬಂತೆಂದರೆ ಕಾರವಾರ, ಕುಮಟಾ, ಹೊನ್ನಾವರ, ಶಿರಸಿಯ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ತೋಟದವರು, ಕಡಲತೀರದಲ್ಲಿ ಆಮೆ ಗೂಡು ಕಾಯುವವರು ಕೇಳಿದ್ದೂ ಇದರಲ್ಲಿ ಸೇರಿವೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಈ ಅಧ್ಯಯನದಲ್ಲಿ ಏನು ಮಾಡುತ್ತಾರೆ?

ಮೊಟ್ಟೆಯೊಳಗಿನ ಭ್ರೂಣವನ್ನು ಬೇರೆ ಬೇರೆ ಹಂತದಲ್ಲಿ ಹೊರತೆಗೆಯುತ್ತಾರೆ. ಅದು ಕೊಳೆಯದ ಹಾಗೆ ರಾಸಾಯನಿಕದಲ್ಲಿ ಇಡುತ್ತಾರೆ. ಆಮೇಲೆ ನೀರು ತೆಗೆದು, ಮೇಣದಲ್ಲಿ ಕೂರಿಸಿ, ತುಂಬಾ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಹೃದಯ, ಮೂತ್ರಪಿಂಡ, ಕಣ್ಣು, ಶ್ವಾಸಕೋಶ ಯಾವಾಗ, ಎಲ್ಲಿಂದ, ಯಾವ ಆಕಾರದಲ್ಲಿ ಶುರುವಾಗುತ್ತವೆ ಎಂದು ಸಾಲಾಗಿ ಜೋಡಿಸುವುದೇ ಕೆಲಸ. ಮೈಕ್ರೋಸ್ಕೋಪಿನ ಮುಂದೆ ಕೂರುವುದು ಇದರಲ್ಲಿ ಕೊನೆಯ ಪಾಲು. ಸ್ಲೈಡ್ ಕೆಡುವುದು ಬಹುಪಾಲು ಅದಕ್ಕೂ ಮುಂಚೆಯೇ.

ಎಲ್ಲರೂ ಓತಿಕ್ಯಾತವನ್ನೇ ಹಿಡಿದುಕೊಂಡಿದ್ದಾರಲ್ಲ, ಯಾಕೆ?

ಬೇಲಿ ಮೇಲೆ ತಲೆ ಅಲ್ಲಾಡಿಸುತ್ತಾ ಕೂರುವ ಈ ಪ್ರಾಣಿಯ ವೈಜ್ಞಾನಿಕ ಹೆಸರು ಕ್ಯಾಲೋಟಿಸ್ ವರ್ಸಿಕಲರ್. ದೇಶದ ಹೆಚ್ಚಿನ ಕಡೆ ಸಿಗುತ್ತದೆ. ಒಂದು ಸಲಕ್ಕೆ ಹತ್ತಿಪ್ಪತ್ತು ಮೊಟ್ಟೆ ಇಡುತ್ತದೆ. ಹಾಗಾಗಿ ಒಂದೇ ತಾಯಿಯ ಮೊಟ್ಟೆಗಳಿಂದ ಒಂದು ಸರಣಿ ಮಾಡಿಕೊಳ್ಳಬಹುದು. ಮನೆ ಹಲ್ಲಿಯಲ್ಲಿ ಈ ಅನುಕೂಲ ಇಲ್ಲ. ಕ್ಯಾಲೆಂಡರ್ ಹಿಂದೆ, ಮೀಟರ್ ಬೋರ್ಡಿನ ಸಂದಿಯಲ್ಲಿ ಅದು ಇಡುವುದು ಎರಡೇ ಮೊಟ್ಟೆ, ಅದೂ ಗಟ್ಟಿ ಸುಣ್ಣದ ಚಿಪ್ಪಿನವು.

ಇನ್ನೊಂದು ಕಾರಣ, ಹೋಲಿಸಿ ನೋಡಲು ಬೇಕಾದ ಪಟ್ಟಿ ಸಿದ್ಧವಾಗಿದೆ. ಮುತ್ತುಕರುಪ್ಪನ್ ಮತ್ತು ಜೊತೆಗಾರರು 1970ರಲ್ಲಿ ಓತಿಕ್ಯಾತದ ಬೆಳವಣಿಗೆಯನ್ನು 42 ಹಂತಗಳಾಗಿ ವಿಂಗಡಿಸಿದರು. ಇವತ್ತಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ. ನಮ್ಮ ಪಕ್ಕದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ಪ್ರಾಣಿಯ ಸಂತಾನೋತ್ಪತ್ತಿಯ ಮೇಲೆ ದಶಕಗಳ ಕೆಲಸ ನಡೆದಿದೆ. ಉತ್ತರ ಕನ್ನಡದ ವಿದ್ಯಾರ್ಥಿಗೆ ಹಳೆಯ ಪ್ರಬಂಧ ಹುಡುಕಲು ದೂರ ಹೋಗಬೇಕಾಗಿಲ್ಲ, ಘಟ್ಟ ಹತ್ತಿದರೆ ಸಾಕು.

ಮೊಟ್ಟೆ ಇಟ್ಟ ದಿನವೇ ಬೆಳವಣಿಗೆಯ ಮೊದಲ ದಿನ ಅಲ್ವಾ?

ಅಲ್ಲ. ಅತಿ ಹೆಚ್ಚು ಪ್ರಾಜೆಕ್ಟುಗಳು ದಾರಿ ತಪ್ಪುವುದು ಇಲ್ಲೇ.

ಓತಿಕ್ಯಾತ ಮಣ್ಣಿನಲ್ಲಿ ಮೊಟ್ಟೆ ಇಡುವ ಹೊತ್ತಿಗೆ ಭ್ರೂಣ ಸುಮಾರು 27ನೇ ಹಂತದಲ್ಲಿರುತ್ತದೆ. ಅಂದರೆ ತಲೆ ಇದೆ, ಕಣ್ಣಿನ ಬಟ್ಟಲು ಇದೆ, ಹೃದಯ ಬಡಿಯುತ್ತಿದೆ, ಕೈಕಾಲಿನ ಮೊಗ್ಗು ಎದ್ದಿದೆ. ಮೊದಲ ಅರ್ಧ ತಾಯಿಯ ಹೊಟ್ಟೆಯಲ್ಲೇ ಮುಗಿದುಹೋಗಿದೆ. ಇಟ್ಟ ಮೊಟ್ಟೆಗಳನ್ನಷ್ಟೇ ಇಟ್ಟುಕೊಂಡು ಹೃದಯ ಮೊದಲು ಹೇಗೆ ಮೂಡಿತು ಎಂದು ತೋರಿಸುತ್ತೇನೆ ಅಂದರೆ ಆಗುವ ಮಾತಲ್ಲ.

ಕಡಲಾಮೆಯ ಕತೆ ಬೇರೆ. ಅದರ ಮೊಟ್ಟೆ ಮರಳಿಗೆ ಬೀಳುವಾಗ ಭ್ರೂಣ ಇನ್ನೂ ಗ್ಯಾಸ್ಟ್ರುಲಾ ಹಂತದಲ್ಲಿ, ಅಂದರೆ ಬರೀ ಜೀವಕೋಶದ ಪದರಗಳು ಮೂಡುವ ಹಂತದಲ್ಲಿರುತ್ತದೆ, ಅಂಗ ಅನ್ನುವಂಥದ್ದು ಒಂದೂ ಇರುವುದಿಲ್ಲ. ಅಂಡನಾಳದಲ್ಲಿ ಆಮ್ಲಜನಕ ತುಂಬಾ ಕಡಿಮೆ. ಅದಕ್ಕೇ ಬೆಳವಣಿಗೆ ಅಲ್ಲಿ ತಡೆದು ನಿಲ್ಲುತ್ತದೆ, ಹೊರಗಿನ ಗಾಳಿ ತಾಗಿದ ಮೇಲೆ ಮುಂದುವರಿಯುತ್ತದೆ. ಮೊಸಳೆ ಇವೆರಡರ ನಡುವೆ ಇದೆ. ಹೀಗಾಗಿ ಹತ್ತನೇ ದಿನದ ಆಮೆಯನ್ನೂ ಹತ್ತನೇ ದಿನದ ಓತಿಕ್ಯಾತವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸಿಗುವುದು ಏನೂ ಇಲ್ಲ.

ಇನ್ನೊಂದು ತೊಡಕಿದೆ. ಮಳೆ ಕೈಕೊಟ್ಟು ಮಣ್ಣು ಒಣಗಿದ್ದರೆ ಓತಿಕ್ಯಾತದ ಹೆಣ್ಣು ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಧಾರವಾಡದಲ್ಲಿ ಸಾಕಿ ನೋಡಿದಾಗ, ಹೀಗೆ ತಡೆಹಿಡಿದ ಮೊಟ್ಟೆಗಳಲ್ಲಿ ಭ್ರೂಣ 34ನೇ ಹಂತದವರೆಗೆ ಬೆಳೆದು ಅಲ್ಲಿ ನಿಂತಿದ್ದು ಕಂಡುಬಂತು. ಅಂದರೆ ಇಟ್ಟ ದಿನದ ಹಂತವೂ ಯಾವಾಗಲೂ ಒಂದೇ ಇರುತ್ತದೆ ಎಂದು ಹೇಳುವ ಹಾಗಿಲ್ಲ. ಜೂನ್ ಮಳೆ ಹದಿನೈದು ದಿನ ತಡವಾದ ವರ್ಷ ನಿಮ್ಮ ನೋಟ್‌ಬುಕ್ಕಿನ ಲೆಕ್ಕವೆಲ್ಲ ಏರುಪೇರು.

ಹಾಗಾದರೆ ಹಂತ ಗುರುತಿಸುವುದು ಹೇಗೆ?

ಹೊರಗಿನ ಆಕಾರ ನೋಡಿ. ಕುತ್ತಿಗೆ ಪಕ್ಕದ ಗಂಟಲ ಸೀಳುಗಳು ತೆರೆದಿವೆಯೋ ಮುಚ್ಚಿವೆಯೋ, ಕಣ್ಣಿಗೆ ಕಪ್ಪು ಬಂದಿದೆಯೋ ಇಲ್ಲವೋ, ಕೈಕಾಲು ಬರೀ ಮೊಗ್ಗೋ ಚಪ್ಪಟೆ ಹಲಗೆಯೋ ಬೆರಳು ಬಿಡಿಸಿಕೊಂಡಿದೆಯೋ, ಚರ್ಮದಲ್ಲಿ ಹುರುಪೆ ಎದ್ದಿದೆಯೋ, ಮೈಬಣ್ಣ ಬಂದಿದೆಯೋ. ಇಷ್ಟನ್ನು ಡಿಸೆಕ್ಷನ್ ಮೈಕ್ರೋಸ್ಕೋಪಿನಲ್ಲಿ ನೋಡಿ, ಫೋಟೋ ತೆಗೆದು, ಆಮೇಲೆ ಮುಂದಿನ ಕೆಲಸಕ್ಕೆ ಹೋಗಿ. ಮೇಣದಲ್ಲಿ ಕೂತ ಮೇಲೆ ಹೊರ ಆಕಾರ ಮತ್ತೆ ಸಿಗುವುದಿಲ್ಲ.

ದಿನದ ಲೆಕ್ಕ ಬೇಡವೇ ಬೇಡ ಅಂತಲ್ಲ, ಬರೆದಿಡಿ. ಆದರೆ ಪಕ್ಕದಲ್ಲಿ ತಾಪಮಾನವನ್ನೂ ಬರೆಯಿರಿ. ಓತಿಕ್ಯಾತದ ಮೊಟ್ಟೆ ಒಡೆಯಲು ಸಾಮಾನ್ಯವಾಗಿ ಆರೇಳು ವಾರ ಬೇಕು. ಶಿರಸಿಯ ಜುಲೈ ತಂಪಿನಲ್ಲಿ ಇಟ್ಟ ಡಬ್ಬಿಗೂ ಕಾರವಾರದ ಸೆಕೆಯಲ್ಲಿ ಇಟ್ಟ ಡಬ್ಬಿಗೂ ಒಂದೇ ವೇಗ ಇರುವುದಿಲ್ಲ.

ನಮ್ಮ ಕಡೆ ಬೀಚಿನಲ್ಲಿ ಆಮೆ ಮೊಟ್ಟೆ ಸಿಗುತ್ತದೆ. ಒಂದೆರಡು ತಂದು ನೋಡಬಹುದಾ?

ಬೇಡ. ಕಾರವಾರದಿಂದ ಹೊನ್ನಾವರ, ಭಟ್ಕಳದವರೆಗೆ ನಮ್ಮ ತೀರಕ್ಕೆ ಬರುವುದು ಆಲಿವ್ ರಿಡ್ಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿರುವ ಪ್ರಾಣಿ ಅದು. ಮೊಟ್ಟೆ ಮುಟ್ಟುವುದೂ ಅಪರಾಧವೇ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಅವರೇ ಬೇಲಿ ಹಾಕುತ್ತಾರೆ ಅಥವಾ ಹ್ಯಾಚರಿಗೆ ಒಯ್ಯುತ್ತಾರೆ.

ಮರಿಗಳೆಲ್ಲ ಹೊರಬಿದ್ದ ಮೇಲೆ ಗೂಡಿನಲ್ಲಿ ಒಡೆಯದೆ ಉಳಿದ ಮೊಟ್ಟೆಗಳಿರುತ್ತವೆ. ಇಲಾಖೆಯ ಅನುಮತಿ ಇದ್ದ ಸಂಶೋಧಕರು ಅವನ್ನು ತೆರೆದು, ಭ್ರೂಣ ಯಾವ ಹಂತದಲ್ಲಿ ಸತ್ತಿತು ಎಂದು ದಾಖಲಿಸುವುದುಂಟು. ಹೊರ ಆಕಾರ ನೋಡಲು ಅದು ಸಾಕು. ಸ್ಲೈಡಿಗೆ ಮಾತ್ರ ಪ್ರಯೋಜನವಿಲ್ಲ. ಸತ್ತ ಕೂಡಲೇ ಜೀವಕೋಶಗಳು ತಮ್ಮನ್ನು ತಾವೇ ಕರಗಿಸಿಕೊಳ್ಳಲು ಶುರುಮಾಡುತ್ತವೆ. ಕರುಳಿನ ಒಳಪದರ ಎಲ್ಲಕ್ಕಿಂತ ಮೊದಲು ಹೋಗುತ್ತದೆ.

ಓತಿಕ್ಯಾತಕ್ಕೂ ಅನುಮತಿ ಬೇಕಾ? ಅದು ಹಿತ್ತಲಲ್ಲೇ ಇದೆಯಲ್ಲ!

ಹಿತ್ತಲಲ್ಲಿದ್ದರೂ ಕಾಡುಪ್ರಾಣಿಯೇ. ಅರಣ್ಯ ಇಲಾಖೆಯ ಪತ್ರ ಮತ್ತು ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ಎರಡನ್ನೂ ಗೈಡ್ ಮೂಲಕ ಮೊದಲೇ ಪಡೆಯಿರಿ. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2014ರಲ್ಲಿ ನಿಲ್ಲಿಸಲು ಹೇಳಿದ ಮೇಲೆ ಕಾಲೇಜುಗಳ ಕ್ರಮವೂ ಬದಲಾಗಿದೆ.

ನನ್ನ ಅಭಿಪ್ರಾಯ ಕೇಳಿದರೆ, ಬಿಎಸ್ಸಿಯವರಿಗೆ ಹೊಸ ಮೊಟ್ಟೆ ಬೇಕಾಗಿಯೇ ಇಲ್ಲ. ಅನೇಕ ಹಳೆಯ ಕಾಲೇಜುಗಳ ಕಪಾಟಿನಲ್ಲಿ ಕೋಳಿ ಭ್ರೂಣದ 33, 48, 72 ಗಂಟೆಯ ಸ್ಲೈಡುಗಳು ಬಿದ್ದಿರುತ್ತವೆ. ಅವನ್ನು ಸರಿಯಾಗಿ ಓದಲು ಕಲಿತರೆ ಓತಿಕ್ಯಾತದ ಮುಕ್ಕಾಲು ಪಾಲು ಬಂದ ಹಾಗೆ. ಹಕ್ಕಿಗೂ ಸರೀಸೃಪಕ್ಕೂ ಮೊದಮೊದಲ ನಕ್ಷೆ ಅಷ್ಟು ಹತ್ತಿರ.

ಮೊಟ್ಟೆಯನ್ನು ತಿರುಗಿಸಬಾರದು ಅಂತಾರೆ. ಕೋಳಿ ದಿನಾ ತಿರುಗಿಸುತ್ತದಲ್ಲ?

ಹಕ್ಕಿಯ ಮೊಟ್ಟೆಯಲ್ಲಿ ಹಳದಿಯನ್ನು ಎರಡೂ ಕಡೆ ಹಿಡಿಯುವ ತಿರುಚಿದ ಎಳೆಗಳಿವೆ. ಮೊಟ್ಟೆ ಹೇಗೆ ಉರುಳಿದರೂ ಭ್ರೂಣ ಮೇಲೇ ಬರುತ್ತದೆ. ಸರೀಸೃಪದ ಮೊಟ್ಟೆಯಲ್ಲಿ ಆ ಎಳೆಗಳಿಲ್ಲ. ಆಮೆಯ ಭ್ರೂಣ ಕೆಲವೇ ಗಂಟೆಗಳಲ್ಲಿ ಚಿಪ್ಪಿನ ಒಳಪೊರೆಗೆ ಮೇಲ್ಗಡೆ ಅಂಟಿಕೊಳ್ಳುತ್ತದೆ. ಆಮೇಲೆ ಮಗುಚಿದರೆ ಪೊರೆ ಹರಿದು ಸಾಯುತ್ತದೆ. ಮೇಲ್ಭಾಗಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಿಟ್ಟರೆ ಆಯಿತು. ಪೆನ್ನು, ಮಾರ್ಕರ್ ಬೇಡ.

ಭ್ರೂಣ ಕೊಳೆಯದ ಹಾಗೆ ಇಡಲು ಬೂಯಾನ್ ದ್ರಾವಣವೇ ಬೇಕಾ, ಬರೀ ಫಾರ್ಮಲಿನ್ ಸಾಲದಾ?

ಸಾಲುತ್ತದೆ, ಆದರೆ ಭ್ರೂಣಕ್ಕೆ ಬೂಯಾನ್ ಚೆಂದ. ಪಿಕ್ರಿಕ್ ಆಮ್ಲದ ಸಂತೃಪ್ತ ದ್ರಾವಣ 75 ಪಾಲು, ಫಾರ್ಮಲಿನ್ 25, ಗ್ಲೇಷಿಯಲ್ ಅಸಿಟಿಕ್ ಆಮ್ಲ 5. ಬೇಗ ಒಳಗಿಳಿಯುತ್ತದೆ, ಕೋಶಕೇಂದ್ರಗಳು ಚುರುಕಾಗಿ ಕಾಣುತ್ತವೆ. ಮೊದಲು ಹಳದಿಯಿಂದ ಭ್ರೂಣವನ್ನು ಬಿಡಿಸಿ ಸಲೈನಿನಲ್ಲಿ ತೊಳೆಯಿರಿ. ಹಳದಿ ಅಂಟಿಕೊಂಡೇ ಮೇಣಕ್ಕೆ ಹೋದರೆ ಒಣಗಿ ಪುಡಿಪುಡಿಯಾಗುತ್ತದೆ, ಬ್ಲೇಡಿಗೆ ಸಿಕ್ಕಿ ಪಕ್ಕದ ಅಂಗಾಂಶವನ್ನೂ ಹರಿಯುತ್ತದೆ. ಒಂದು ದಿನ ಬೂಯಾನಿನಲ್ಲಿಟ್ಟು, ಆಮೇಲೆ 70 ಶೇಕಡಾ ಆಲ್ಕೋಹಾಲನ್ನು ಬದಲಿಸುತ್ತಾ ಹಳದಿ ಬಣ್ಣ ಹೋಗುವ ತನಕ ತೊಳೆಯಬೇಕು. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ವಸ್ತು. ಬಾಟಲಿಯಲ್ಲಿ ಯಾವಾಗಲೂ ನೀರಿರಬೇಕು. ಹಳೇ ಬಾಟಲಿಯ ಮುಚ್ಚಳದಲ್ಲಿ ಹಳದಿ ಹರಳು ಕಂಡರೆ ತಿರುಪಲು ಹೋಗಬೇಡಿ, ಮೇಷ್ಟ್ರನ್ನು ಕರೆಯಿರಿ.

ಮಳೆಗಾಲದಲ್ಲಿ ಮಾಡಿದ ಬ್ಲಾಕ್ (ಭ್ರೂಣ ಕೂರಿಸಿದ ಮೇಣದ ಗಟ್ಟಿ) ಯಾಕೆ ಸರಿಯಾಗಿ ಕತ್ತರಿಸುವುದಿಲ್ಲ?

ಕರಾವಳಿಯವರ ಖಾಸಾ ಪ್ರಶ್ನೆ ಇದು, ಬೇರೆ ಕಡೆಯ ಪುಸ್ತಕಗಳಲ್ಲಿ ಉತ್ತರ ಸಿಗುವುದು ಕಡಿಮೆ.

ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ. ಭ್ರೂಣದೊಳಗಿನ ನೀರನ್ನು ಪೂರ್ತಿ ತೆಗೆಯಲೆಂದೇ 70, 90, ಕೊನೆಗೆ ಅಬ್ಸಲ್ಯೂಟ್ ಆಲ್ಕೋಹಾಲಿಗೆ ಹಾಕುವುದು. ಆದರೆ ಕಾರವಾರದ ಜುಲೈ ಗಾಳಿಯಲ್ಲಿ ಅಬ್ಸಲ್ಯೂಟ್ ಆಲ್ಕೋಹಾಲಿನ ಜಾರನ್ನು ತೆರೆದಿಟ್ಟರೆ ಅದು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಹೆಸರಿಗೆ ಅಬ್ಸಲ್ಯೂಟ್, ಒಳಗೆ ನೀರು. ಇದಕ್ಕೆ ಹಳೆಯ ಉಪಾಯವೊಂದಿದೆ. ನೀರು ಕಳೆದ ಬಿಳಿ ತಾಮ್ರದ ಸಲ್ಫೇಟನ್ನು ಜಾರಿನ ತಳಕ್ಕೆ ಹಾಕಿ, ಮೇಲೆ ಫಿಲ್ಟರ್ ಕಾಗದ ಇಡಿ. ಅದು ನೀಲಿ ತಿರುಗಿತೆಂದರೆ ಆಲ್ಕೋಹಾಲ್ ಬದಲಿಸುವ ಹೊತ್ತು ಬಂತು.

ಎರಡನೇ ಪರೀಕ್ಷೆ ಝೈಲೀನಿನಲ್ಲಿ, ಅಂದರೆ ಆಲ್ಕೋಹಾಲ್ ಆದ ಮೇಲೆ, ಮೇಣಕ್ಕೆ ಮೊದಲು ಹಾಕುವ ದ್ರಾವಕದಲ್ಲಿ. ಭ್ರೂಣವನ್ನು ಅದಕ್ಕೆ ಹಾಕಿದಾಗ ಸುತ್ತ ಬೆಳ್ಳಗೆ ಮಬ್ಬು ಹರಡಿದರೆ ಒಳಗೆ ನೀರು ಉಳಿದಿದೆ. ಸುಮ್ನೆ ಮುಂದೆ ಹೋಗಬೇಡಿ, ಮತ್ತೆ ಆಲ್ಕೋಹಾಲಿಗೆ ವಾಪಸ್. ಹಾಗೇ ಮೇಣಕ್ಕೆ ಹಾಕಿದರೆ ಭ್ರೂಣದ ಒಳಗೆ ಮೇಣ ಇಳಿಯುವುದೇ ಇಲ್ಲ. ಕತ್ತರಿಸುವಾಗ ಸಾಲಾಗಿ ಅಂಟಿಕೊಂಡು ಬರುವ ಮೇಣದ ಪಟ್ಟಿಯ (ರಿಬ್ಬನ್) ನಡುವೆ ಭ್ರೂಣ ಇರಬೇಕಾದ ಜಾಗದಲ್ಲಿ ತೂತು ಬೀಳುತ್ತದೆ. ಭ್ರೂಣ ಇಡಿಯಾಗಿ ಕಿತ್ತುಬಂದು ಬ್ಲೇಡಿನ ಮೇಲೆ ಕೂತಿರುತ್ತದೆ.

ಮೇ ತಿಂಗಳ ಕಷ್ಟ ಬೇರೆ. ಮೇಣ ಕರಗುವುದು 58ರಿಂದ 60 ಡಿಗ್ರಿಗೆ. ಆದರೂ ಸೆಕೆಗೆ ಬ್ಲಾಕ್ ಮೆತ್ತಗಾಗಿ ಸೆಕ್ಷನ್ (ಕತ್ತರಿಸಿದ ತೆಳು ಪದರ) ಮುದುಡುತ್ತದೆ. ಐಸ್ ತುಂಡನ್ನು ಬ್ಲಾಕಿನ ಮುಖಕ್ಕೆ ಒತ್ತಿ, ಒರೆಸಿ, ನಾಲ್ಕಾರು ಸೆಕ್ಷನ್ ತೆಗೆದು, ಮತ್ತೆ ಐಸ್ ಒತ್ತಿ. ಬೆಳಗ್ಗೆ ಬೇಗ ಕೂತರೆ ಅರ್ಧ ತಾಪತ್ರಯ ಕಡಿಮೆ.

ಹೆಮಟಾಕ್ಸಿಲಿನ್ ಹಾಕಿದರೂ ಕೋಶಕೇಂದ್ರ ನೀಲಿಯಾಗದೆ ಕೆಂಪಾಗೇ ಉಳಿಯುತ್ತದೆ. ಬಣ್ಣ ಹಳೇದಾ?

ಬಣ್ಣಕ್ಕಿಂತ ಮೊದಲು ನೀರನ್ನು ಅನುಮಾನಿಸಿ. ಹೆಮಟಾಕ್ಸಿಲಿನ್ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಪುಸ್ತಕದಲ್ಲಿ ನಲ್ಲಿ ನೀರಿನಲ್ಲಿ ತೊಳೆದರೆ ನೀಲಿಯಾಗುತ್ತದೆ ಎಂದು ಬರೆದಿರುವುದು ಸುಣ್ಣದಂಶ ಇರುವ ಗಡಸು ನೀರನ್ನು ಲೆಕ್ಕಕ್ಕೆ ಹಿಡಿದು. ನಮ್ಮ ಕಡೆಯ ಚಿರೆಕಲ್ಲಿನ ನೆಲದ ಬಾವಿ ನೀರು ಮೃದು, ಎಷ್ಟೋ ಕಡೆ ಸ್ವಲ್ಪ ಆಮ್ಲೀಯ. ಅದರಲ್ಲಿ ಎಷ್ಟು ತೊಳೆದರೂ ಅಷ್ಟೇ. ಒಂದು ಜಾರ್ ನೀರಿಗೆ ಎರಡು ಹನಿ ಅಮೋನಿಯಾ ಅಥವಾ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಸ್ಲೈಡನ್ನು ಅದ್ದಿ ನೋಡುತ್ತಿದ್ದಂತೆಯೇ ಕೆಂಗಂದು ಹೋಗಿ ನೀಲಿ ಏರುತ್ತದೆ. ಆಮೇಲೆ ಸಾದಾ ನೀರಿನಲ್ಲಿ ಚೆನ್ನಾಗಿ ತೊಳೆದು ಎರಡನೇ ಬಣ್ಣವಾದ ಗುಲಾಬಿ ಇಯೋಸಿನ್ನಿಗೆ ಹೋಗಿ. ಸೋಡಾ ಉಳಿದರೆ ಇಯೋಸಿನ್ ಸರಿಯಾಗಿ ಹಿಡಿಯುವುದಿಲ್ಲ.

ಒಂದು ಭ್ರೂಣಕ್ಕೆ ಎಷ್ಟು ಸೆಕ್ಷನ್ ಬರುತ್ತದೆ?

8 ಮಿಲಿಮೀಟರ್ ಉದ್ದದ ಭ್ರೂಣವನ್ನು 7 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದರೆ 1,140ರ ಆಸುಪಾಸು. ಎಲ್ಲವನ್ನೂ ಅನುಕ್ರಮ ತಪ್ಪದೆ ಸ್ಲೈಡಿಗೆ ಏರಿಸಬೇಕು. ಸ್ಲೈಡಿನ ಮೂಲೆಗೆ ವಜ್ರದ ಪೆನ್ಸಿಲ್ಲಿನಲ್ಲಿ ನಂಬರ್ ಗೀರಿ. ಸ್ಕೆಚ್ ಪೆನ್ನಿನ ಗುರುತು ಝೈಲೀನಿನಲ್ಲಿ ಅಳಿಸಿಹೋಗುತ್ತದೆ.

ಒಂದೇ ಸೆಕ್ಷನ್ನಿನಲ್ಲಿ ಎರಡು ಮೂರು ದೇಹ ಕಾಣುತ್ತದೆ. ಅವಳಿ ಭ್ರೂಣವಾ?

ಅವಳಿ ಅಲ್ಲ, ಭ್ರೂಣ ಸುರುಳಿ ಸುತ್ತಿಕೊಂಡಿದೆ. ಚಕ್ಕುಲಿಯನ್ನು ಅಡ್ಡ ಕತ್ತರಿಸಿದರೆ ಒಂದೇ ಎಳೆ ನಾಲ್ಕೈದು ಕಡೆ ಕಾಣುವ ಹಾಗೆ. ಓತಿಕ್ಯಾತದಲ್ಲಿ ತಲೆಯ ಪಕ್ಕದಲ್ಲೇ ಬಾಲ ಬಂದಿರುತ್ತದೆ. ಹಾವಿನ ಭ್ರೂಣದಲ್ಲಂತೂ ಒಂದೇ ಸೆಕ್ಷನ್ನಿನಲ್ಲಿ ಐದಾರು ಕಡೆ ಬೆನ್ನುಹುರಿ ಸಿಗುತ್ತದೆ. ಪ್ರತಿ ತುಂಡಿನಲ್ಲೂ ಬೆನ್ನುಹುರಿ ಎಲ್ಲಿದೆ, ಅದರ ಕೆಳಗೆ ನೋಟೊಕಾರ್ಡ್ (ಬೆನ್ನೆಲುಬಿಗೆ ಮುಂಚೆ ಮೂಡುವ ಆಧಾರದ ಸರಳು) ಎಲ್ಲಿದೆ ಎಂದು ಮೊದಲು ಹುಡುಕಿ. ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ. ಬ್ಲಾಕ್ ಮಾಡುವ ಮೊದಲೇ ಭ್ರೂಣದ ಫೋಟೋ ತೆಗೆಯಿರಿ ಎಂದದ್ದು ಇದಕ್ಕೂ ಸೇರಿಯೇ.

ಯಾವ ಅಂಗದಿಂದ ಶುರುಮಾಡುವುದು ಒಳ್ಳೇದು?

ಮೂತ್ರಪಿಂಡ. ಹುಡುಗರು ಹೃದಯ, ಮಿದುಳು ಅಂತ ಓಡುತ್ತಾರೆ, ಆದರೆ ಕಲಿಯಲು ಇದರಷ್ಟು ಧಾರಾಳವಾದ ಅಂಗ ಇನ್ನೊಂದಿಲ್ಲ.

ಭ್ರೂಣದಲ್ಲಿ ಮೂತ್ರಪಿಂಡ ಒಂದಲ್ಲ, ಮೂರು ಸಲ ಬರುತ್ತದೆ. ಮೊದಲನೆಯದು ಪ್ರೊನೆಫ್ರಾಸ್, ಬಂದಷ್ಟೇ ಬೇಗ ಮಾಯವಾಗುತ್ತದೆ. ಎರಡನೆಯದು ಮೀಸೊನೆಫ್ರಾಸ್. ಹೊಟ್ಟೆಯ ಮಟ್ಟದಲ್ಲಿ ಅಡ್ಡ ಕತ್ತರಿಸಿದ ಸೆಕ್ಷನ್ನಿನಲ್ಲಿ ಮಹಾಧಮನಿಯ ಎರಡೂ ಪಕ್ಕ ಗುಲಾಬಿ ಉಂಗುರಗಳ ಗುಂಪು ಕಾಣುತ್ತದಲ್ಲ, ಅದೇ ಇದು. ಉಂಗುರ ಅಂದರೆ ಅಡ್ಡ ಕತ್ತರಿಸಿದ ನಳಿಕೆ. ನಡುನಡುವೆ ರಕ್ತನಾಳದ ಗಂಟುಗಳು ಸಿಗುತ್ತವೆ, ಅವು ಗ್ಲೊಮೆರುಲಸ್. ಮರಿ ಮೊಟ್ಟೆಯಿಂದ ಹೊರಬರುವವರೆಗೂ, ಎಷ್ಟೋ ಹಲ್ಲಿ ಜಾತಿಗಳಲ್ಲಿ ಹೊರಬಂದ ಮೇಲೂ ಕೆಲವು ಕಾಲ, ಇದು ಕೆಲಸ ಮಾಡುತ್ತದೆ. ಮೂರನೆಯದಾದ ಮೆಟಾನೆಫ್ರಾಸ್ ಹಿಂದಿನಿಂದ, ಮೀಸೊನೆಫ್ರಾಸಿನ ನಾಳವಾದ ವುಲ್ಫಿಯನ್ ನಾಳದಿಂದ ಚಿಗುರಿದ ಒಂದು ಮೊಗ್ಗಾಗಿ ಶುರುವಾಗಿ ಕವಲೊಡೆಯುತ್ತದೆ. ಕವಲಿನ ತುದಿಯಲ್ಲಿ ಕಪ್ಪಾಗಿ ಒತ್ತೊತ್ತಾಗಿ ಸೇರಿದ ಜೀವಕೋಶಗಳು ಕಂಡರೆ ಅಲ್ಲೇ ಹೊಸ ನಳಿಕೆ ಹುಟ್ಟುತ್ತಿದೆ. ಒಂದೇ ಸ್ಲೈಡಿನಲ್ಲಿ ಪೂರ್ತಿ ದುಡಿಯುತ್ತಿರುವ ಅಂಗವೂ ಈಗಷ್ಟೇ ಮೂಡುತ್ತಿರುವ ಅಂಗವೂ ಸಿಗುವುದು ಸಣ್ಣ ಮಾತಲ್ಲ.

ನಮ್ಮ ಮೂತ್ರಪಿಂಡದಲ್ಲಿರುವ ಹೆನ್ಲೆ ಬಳುಕು (ನೀರು ಉಳಿಸಲು ನೆರವಾಗುವ, ನಳಿಕೆಯ ಉದ್ದ ಬಾಗು) ಸರೀಸೃಪದಲ್ಲಿಲ್ಲ. ಎಷ್ಟು ಹುಡುಕಿದರೂ ಸಿಗುವುದಿಲ್ಲ, ಸ್ಲೈಡ್ ಬೈಯಬೇಡಿ. ಹಲ್ಲಿ, ಓತಿಕ್ಯಾತಗಳು ನೀರು ಉಳಿಸಲು ತ್ಯಾಜ್ಯವನ್ನು ಯೂರಿಕ್ ಆಮ್ಲವಾಗಿ ಗಟ್ಟಿಯಾಗಿ ಹೊರಹಾಕುತ್ತವೆ. ಗೋಡೆ ಕೆಳಗೆ ಬಿದ್ದ ಹಲ್ಲಿ ಹಿಕ್ಕೆಯ ಬಿಳಿ ತುದಿ ಅದೇ.

ಹೃದಯದಲ್ಲಿ ಏನು ನೋಡಬೇಕು?

ನೇರ ಕೊಳವೆ ಬಾಗಿ ಮಡಚಿಕೊಳ್ಳುವುದು, ಆಮೇಲೆ ಮೇಲಿನ ಕೋಣೆ ಎರಡಾಗುವುದು. ಕೆಳಗಿನ ಕೋಣೆಯ ಗೋಡೆ ಓತಿಕ್ಯಾತದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ದಾಂಡೇಲಿಯ ಕಾಳಿ ಹೊಳೆಯಲ್ಲಿ ಬಿಸಿಲು ಕಾಯಿಸುವ ಮೊಸಳೆಯಲ್ಲಿ ಮಾತ್ರ ಅದು ಪೂರ್ತಿಯಾಗಿ ನಾಲ್ಕು ಕೋಣೆ ಆಗುತ್ತದೆ.

ಓತಿಕ್ಯಾತಕ್ಕೆ ಮೂರನೇ ಕಣ್ಣಿದೆ ಅನ್ನುವುದು ನಿಜವಾ?

ನಿಜ. ದೊಡ್ಡ ಓತಿಕ್ಯಾತದ ನಡುನೆತ್ತಿಯ ಹುರುಪೆಯಲ್ಲಿ ಸಣ್ಣ ಮಸುಕು ಚುಕ್ಕಿ ಕಾಣುತ್ತದೆ, ಅದೇ ಪರೈಟಲ್ ಕಣ್ಣು. ಭ್ರೂಣದಲ್ಲಿ ಮಿದುಳಿನ ಮೇಲ್ಛಾವಣಿ ಉಬ್ಬಿ, ಬೇರ್ಪಟ್ಟು, ಒಂದು ಪುಟ್ಟ ಚೀಲವಾಗುತ್ತದೆ. ಚೀಲದ ಮೇಲ್ಗೋಡೆ ಮಸೂರ, ಕೆಳಗೋಡೆ ರೆಟಿನಾ. ಇದರ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಬೆಳಕಿನ ಕಡೆಗೇ ಮುಖ ಮಾಡಿವೆ. ಪಕ್ಕದ ಎರಡು ಕಣ್ಣುಗಳಲ್ಲಿ ಅವು ತಿರುವುಮುರುವು. ಚಿತ್ರ ಮೂಡಿಸುವ ಕಣ್ಣಲ್ಲ ಇದು, ಬೆಳಕು ಎಷ್ಟಿದೆ ಎಂದು ತಿಳಿಯಲು ಅಷ್ಟೇ. ಮನೆ ಹಲ್ಲಿಗೂ ಹಾವಿಗೂ ಇಲ್ಲ.

ಬಿಸಿಯಿಂದ ಗಂಡು ಹೆಣ್ಣು ನಿರ್ಧಾರ ಆಗುತ್ತದಂತೆ. ಸ್ಲೈಡಿನಲ್ಲಿ ಅದು ಕಾಣುತ್ತದಾ?

ಕಾಣುತ್ತದೆ, ಆದರೆ ತಡವಾಗಿ. ಜನನಗ್ರಂಥಿ ಮೀಸೊನೆಫ್ರಾಸಿನ ಒಳಮಗ್ಗುಲಿನಲ್ಲಿ ಸಣ್ಣ ದಿಂಡಾಗಿ ಏಳುತ್ತದೆ. ಮೊದಲು ಎಲ್ಲ ಭ್ರೂಣಗಳಲ್ಲೂ ಒಂದೇ ರೀತಿ. ಮುಂದೆ ಒಳತಿರುಳು ಹಗ್ಗಗಳಾಗಿ ಬೆಳೆದು ಹೊರಪದರ ತೆಳುವಾದರೆ ವೃಷಣ, ಹೊರಪದರ ದಪ್ಪಗಾಗಿ ತಿರುಳು ಕುಗ್ಗಿದರೆ ಅಂಡಾಶಯ.

ತಾಪದ ಪ್ರಭಾವವನ್ನು ಮೊದಲು ವರದಿ ಮಾಡಿದ್ದು 1966ರಲ್ಲಿ ಮ್ಯಾಡಲಿನ್ ಶಾರ್ನಿಯೆ, ಆಫ್ರಿಕಾದ ಅಗಾಮಾ ಹಲ್ಲಿಯಲ್ಲಿ. ಅದು ನಮ್ಮ ಓತಿಕ್ಯಾತದ ಕುಟುಂಬದ್ದೇ. ಆಲಿವ್ ರಿಡ್ಲೆಯಲ್ಲಿ ಬೆಚ್ಚಗಿನ ಮರಳು ಹೆಣ್ಣನ್ನೂ ತಂಪು ಮರಳು ಗಂಡನ್ನೂ ಕೊಡುತ್ತದೆ. ನಿರ್ಧಾರವಾಗುವುದು ಕಾವಿನ ನಡುವಿನ ಮೂರನೇ ಒಂದು ಭಾಗದಲ್ಲಿ. ಹ್ಯಾಚರಿಗೆ ನೆರಳು ಹಾಕಬೇಕಾ ಎಂದು ಕೇಳುವವರು ಈ ನಡುಗಾಲವನ್ನು ನೆನಪಿಡಬೇಕು. ಮೊಸಳೆಯಲ್ಲಿ ಇನ್ನೂ ವಿಚಿತ್ರ, 32.5 ಡಿಗ್ರಿ ಆಸುಪಾಸಿನಲ್ಲಿ ಗಂಡು ಜಾಸ್ತಿ, ಅದಕ್ಕಿಂತ ತಂಪಾದರೂ ಬಿಸಿಯಾದರೂ ಹೆಣ್ಣು.

ಹಾವಿನ ಭ್ರೂಣದಲ್ಲಿ ಕಾಲು ಇರುತ್ತದಾ?

ಹೆಬ್ಬಾವಿನಲ್ಲಿ ಹಿಂಗಾಲಿನ ಮೊಗ್ಗು ಏಳುತ್ತದೆ, ಬೆಳೆಯದೆ ನಿಂತು ಕೊನೆಗೆ ಗುದದ ಪಕ್ಕದ ಎರಡು ಮುಳ್ಳುಗಳಾಗಿ ಉಳಿಯುತ್ತದೆ. ಮುಂಗಾಲಿನ ಸುಳಿವೇ ಇಲ್ಲ. ಶ್ವಾಸಕೋಶದ ಮೊಗ್ಗು ಎರಡೂ ಕಡೆ ಶುರುವಾದರೂ ಎಡದ್ದು ಹಿಂದೆ ಬಿದ್ದು ಬಲದ್ದೇ ಉದ್ದ ಬೆಳೆಯುತ್ತದೆ. ಬೆನ್ನಿನ ಖಂಡಗಳ (ಮುಂದೆ ಬೆನ್ನೆಲುಬಿನ ಮಣಿ, ಸ್ನಾಯು ಆಗುವ ತುಂಡುಗಳು) ಎಣಿಕೆ ಬೆರಗು ಹುಟ್ಟಿಸುತ್ತದೆ. ಕೋಳಿಯಲ್ಲಿ 55ರಷ್ಟು, ಅಮೆರಿಕದ ಕಾರ್ನ್ ಹಾವಿನಲ್ಲಿ 315ರಷ್ಟು. ಒಟ್ಟು ಬೆಳವಣಿಗೆಗೆ ಹೋಲಿಸಿದರೆ ಖಂಡ ಕತ್ತರಿಸುವ ಗಡಿಯಾರ ಹಾವಿನಲ್ಲಿ ತುಂಬಾ ಚುರುಕು. ನಮ್ಮ ಕಾಡಿನ ಕೊಳಕುಮಂಡಲ, ಹಸಿರು ಹಾವುಗಳು ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತವೆ.

ಆಮೆಯ ಚಿಪ್ಪು ಯಾವಾಗ ಬರುತ್ತದೆ?

ಬೆನ್ನಿನ ಎರಡೂ ಅಂಚಿನಲ್ಲಿ ಒಂದು ಏಣು ಏಳುತ್ತದೆ. ಪಕ್ಕೆಲುಬುಗಳು ಎದೆಯ ಕಡೆ ಬಾಗದೆ ಆ ಏಣಿನತ್ತ ಚರ್ಮದೊಳಗೆ ಹೊರಟುಬಿಡುತ್ತವೆ. ಅದರಿಂದಾಗಿ ಭುಜದ ಎಲುಬು ಪಕ್ಕೆಲುಬಿನ ಗೂಡಿನ ಒಳಗೆ ಸಿಕ್ಕಿಕೊಳ್ಳುತ್ತದೆ. ಬೇರೆ ಯಾವ ಬೆನ್ನೆಲುಬಿನ ಪ್ರಾಣಿಯಲ್ಲೂ ಹೀಗಿಲ್ಲ.

ಎಲುಬು ನೋಡಲು ಸೆಕ್ಷನ್ ಬೇಕೇ ಬೇಕಾ?

ಬೇಡ. ಇಡೀ ಭ್ರೂಣಕ್ಕೆ ಆಲ್ಸಿಯನ್ ನೀಲಿ ಮತ್ತು ಅಲಿಝರಿನ್ ಕೆಂಪು ಹಾಕಿ, ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನಲ್ಲಿ ಮಾಂಸವನ್ನು ಪಾರದರ್ಶಕ ಮಾಡಿ ಗ್ಲಿಸರಿನ್ನಿನಲ್ಲಿಟ್ಟರೆ ಮೃದ್ವಸ್ಥಿ ನೀಲಿಯಾಗಿ, ಎಲುಬು ಕೆಂಪಾಗಿ ಕಾಣುತ್ತದೆ. ಆಲ್ಸಿಯನ್ ದ್ರಾವಣದಲ್ಲಿ ಆಮ್ಲವಿದೆ. ಅದರಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಎಲುಬಿನ ಸುಣ್ಣ ಕರಗಿ ಕೆಂಪು ಹಿಡಿಯುವುದೇ ಇಲ್ಲ.

ಮೊಬೈಲಿನಲ್ಲಿ ಸ್ಲೈಡಿನ ಫೋಟೋ ತೆಗೆದರೆ ನಡೆಯುತ್ತದಾ?

ನಡೆಯುತ್ತದೆ. ಅದೇ ಲೆನ್ಸಿನಲ್ಲಿ, ಅದೇ ಝೂಮಿನಲ್ಲಿ ಸ್ಟೇಜ್ ಮೈಕ್ರೋಮೀಟರಿನ (ಅಳತೆಗೆರೆ ಕೊರೆದ ಸ್ಲೈಡ್) ಫೋಟೋವನ್ನೂ ತೆಗೆದಿಡಿ. ಅಳತೆಗೆರೆ ಇಲ್ಲದ ಚಿತ್ರವನ್ನು ಯಾವ ಪರೀಕ್ಷಕರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಸ್ಲೈಡಿಗೆ ಬೂಸ್ಟು ಬಂದಿದೆ. ಉಳಿಸಬಹುದಾ?

ಕವರ್ ಗ್ಲಾಸಿನ ಮೇಲೆ ಮಾತ್ರ ಇದ್ದರೆ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒಳಗೆ ಹೋಗಿದ್ದರೆ ಝೈಲೀನಿನಲ್ಲಿ ನೆನೆಹಾಕಿ, ಕವರ್ ಗ್ಲಾಸ್ ತಾನಾಗಿ ಜಾರಿದ ಮೇಲೆ ಹೊಸ ಡಿಪಿಎಕ್ಸ್ (ಕವರ್ ಗ್ಲಾಸ್ ಕೂರಿಸುವ ಅಂಟು) ಹಾಕಿ ಮುಚ್ಚಿ. ಎಳೆಯಬೇಡಿ, ಸೆಕ್ಷನ್ ಕಿತ್ತುಬರುತ್ತದೆ. ಡಿಪಿಎಕ್ಸ್ ಪೂರ್ತಿ ಒಣಗುವ ಮೊದಲೇ ಸ್ಲೈಡ್ ಡಬ್ಬಿಗೆ ಸೇರಿಸಬೇಡಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಮೈಕ್ರೋಸ್ಕೋಪಿನ ಲೆನ್ಸಿನ ಪಕ್ಕವೂ ಹೀಗೇ ಸಿಲಿಕಾ ಜೆಲ್ ಇಡಿ.